ಪಕ್ಕದ ಮನೆಯ ಶನಿವಾರಕ್ಕೆ ನಮ್ಮ ನೆರವು

ಕರೆದವರ ಮನೆಗೆ ಹೋಗಿ ಮಾನ ಕಳೆದುಕೊಂಡು ಬರುವುದು ನಮ್ಮ ಮನೆತನದ ಕಸುಬು. ಟೆಕ್ಸಸ್‌ಗೆ ಬಂದರೂ ಅದನ್ನು ಬಿಟ್ಟಿಲ್ಲ. ಕಾಪೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಯಹೂದಿಗಳು. ಶುಕ್ರವಾರ ಸಂಜೆಯಿಂದ ಅವರಿಗೆ ಸಬ್ಬತ್, ಕೆಲಸವೆಲ್ಲ ಬಂದ್. ಶನಿವಾರ ಕತ್ತಲಾದ ಮೇಲೆ ವೈನು, ಸುಗಂಧ, ದೀಪ ಇಟ್ಟುಕೊಂಡು ಮಂತ್ರ ಹೇಳಿ ಅದನ್ನು ಬೀಳ್ಕೊಡುತ್ತಾರೆ. ಅದಕ್ಕೆ ಹವ್ದಾಲ ಎನ್ನುತ್ತಾರೆ. ನೋಡಲು ಬನ್ನಿ ಅಂದರು, ಪಾಪ.

ವೈನು ಎಂದ ಕೂಡಲೇ ನಮ್ಮ ಯಜಮಾನರ ಎದೆ ಧಸಕ್ಕೆಂದಿತು. ಮೈಸೂರಿನಿಂದ ಬಂದಿದ್ದ ನಮ್ಮತ್ತೆಯ ಪಾಲಿಗೆ ಅವರು ಒಂದು ತೊಟ್ಟೂ ಮುಟ್ಟದ ಚಿನ್ನದಂಥ ಮಗ. ಆ ಹೆಸರು ಉಳಿಯಬೇಕಿತ್ತು.

೧. ನಕ್ಷತ್ರ

ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆಯೇ ಶುರು ಮಾಡಬೇಕಂತೆ. ಪಕ್ಕದ ಮನೆಯಾತ ಹಿತ್ತಲಲ್ಲಿ ಕತ್ತೆತ್ತಿ ನಿಂತಿದ್ದ. ನಮ್ಮ ಯಜಮಾನರು ಇಂಜಿನಿಯರ್. ಕೇಳದಿದ್ದರೂ ಸಲಹೆ ಕೊಡುವುದು ಅವರ ಧರ್ಮ.

"ಅಗೋ, ಮೂರೂ ಸಾಲಾಗಿವೆ. ಶುರು ಮಾಡಿ" ಎಂದು ಅಪ್ಪಣೆ ಕೊಟ್ಟರು.

ಏರ್‌ಪೋರ್ಟ್ ಪಕ್ಕದಲ್ಲೇ ಇಷ್ಟು ವರ್ಷ ಬಾಳಿದ್ದ ಆತ ಸಂಕೋಚದಿಂದ ಹೇಳಿದ: "ನಿಮ್ಮ ಮೊದಲನೇ ನಕ್ಷತ್ರ ಚಕ್ರ ಇಳಿಸ್ತಾ ಇದೆ."

೨. ಸುಗಂಧ

ಲವಂಗ, ಚಕ್ಕೆ ತುಂಬಿದ ಪುಟ್ಟ ಬೆಳ್ಳಿ ಡಬ್ಬಿ ಕೈಯಿಂದ ಕೈಗೆ ಬಂತು. ಎಲ್ಲರೂ ಮೂಸಿದರು. ಅತ್ತೆ ಮಾತ್ರ ಪರೀಕ್ಷೆ ಮಾಡಿದರು. "ಘಮ ಎಲ್ಲಾ ಹೋಗಿದೆ ಕಣೆ. ಹುರಿದೂ ಇಲ್ಲ."

ಬರಿಗೈಯಲ್ಲಿ ಹೋಗಬಾರದೆಂದು ಅವರು ತಮ್ಮದೇ ಡಬ್ಬಿ ತಂದಿದ್ದರು, ಅದನ್ನು ತೆರೆದು ಪಕ್ಕದ ಮನೆಯಾತನ ಮೂಗಿಗೆ ಹಿಡಿದರು. ಆತ ಭಕ್ತಿಯಿಂದ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ. ಒಳಗಿದ್ದದ್ದು ಇಂಗು, ಬ್ಯಾಡಗಿ ಮೆಣಸಿನಕಾಯಿ ಹಾಕಿದ ಬಿಸಿಬೇಳೆಬಾತ್ ಪುಡಿ. ಆಮೇಲೆ ಮಂತ್ರಕ್ಕಿಂತ ಸೀನೇ ಜಾಸ್ತಿಯಾಯಿತು.

ಅತ್ತೆಗೆ ಪರಮ ತೃಪ್ತಿ. "ನೋಡಿದ್ಯಾ, ಪುಡಿ ಅಂದ್ರೆ ಇದು!"

೩. ತೀರ್ಥ

ಸೀನು ನಿಂತ ಮೇಲೆ ಜಡೆಯ ಹಾಗೆ ಹೆಣೆದ ಮೇಣದಬತ್ತಿಯ ಬೆಳಕಿಗೆ ಎಲ್ಲರೂ ಬೆರಳು ಚಾಚಿದರು. ಅತ್ತೆ ಮಂಗಳಾರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಮಂಗಳಾರತಿ ಆದ ಮೇಲೆ ತೀರ್ಥ ತಾನೇ? ಆತ ವೈನ್ ಬಟ್ಟಲು ಎತ್ತಿ ಒಂದು ಗುಟುಕು ಕುಡಿದದ್ದೇ ತಡ, ಅತ್ತೆ ಎಡಗೈ ಮೇಲೆ ಬಲಗೈ ಇಟ್ಟು ಮುಂದೆ ಚಾಚಿದರು. ಆತ ಗಲಿಬಿಲಿಗೊಂಡು ಸ್ವಲ್ಪ ಸುರಿದ. ಅತ್ತೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

"ಅಮ್ಮಾ, ಅದು ಏನೋ ಬೇರೆ ಥರ ಇರೋ ಹಾಗಿದೆ. ನನಗಂತೂ ಇದೆಲ್ಲ ಗೊತ್ತಾಗಲ್ಲ" ಎಂದರು ನಮ್ಮ ಯಜಮಾನರು, ಹಾಲುಗಲ್ಲದ ಹಸುಳೆ.

"ಸುಮ್ನಿರೋ, ತೀರ್ಥ ಮೂರು ಸಲ ತೊಗೋಬೇಕು" ಎಂದು ಅತ್ತೆ ಇನ್ನೆರಡು ಸಲ ಕೈ ಚಾಚಿದರು.

ಆತ ಬಟ್ಟಲನ್ನು ನಮ್ಮ ಯಜಮಾನರ ಮುಂದೆ ಹಿಡಿದ. ಇವರು ಹಾವು ಕಂಡಂತೆ ಹಿಂದೆ ಸರಿದು ಕೈಮುಗಿದರು. "ಅಯ್ಯೋ, ನಾನು ಮುಟ್ಟೋದೇ ಇಲ್ಲ!" ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೊತ್ತಿಕೊಂಡೆ.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ತೊಗೊಳೋ ಸಾಕು. ದಿನಾ ಗ್ಯಾರೇಜಲ್ಲಿ ಕಾರಿನ ಹಿಂದೆ ಬಗ್ಗಿ ನಿಂತು ಕುಡೀತೀಯ. ಇವತ್ತು ಯಾರೋ ಪುಣ್ಯಾತ್ಮರು ಮಂತ್ರ ಬೇರೆ ಹೇಳಿದಾರೆ, ನೆಟ್ಟಗೆ ನಿಂತು ಕುಡಿ!"