ಉತ್ತರಕ್ಕೆ ತಲೆ ಹಾಕಿ ಸತ್ತವಳು

"ಕೂಗೋದಕ್ಕೂ ಡಿಗ್ರಿ ಕೊಡೋದಾದ್ರೆ ನಮ್ಮೂರ ತರಕಾರಿ ಮಾರೋರೆಲ್ಲ ಪ್ರೊಫೆಸರ್ ಆಗಿರ್ತಿದ್ರು" ಎಂದವರು ಕ್ರೋಯ್ಡನ್ನಿನ ನಮ್ಮ ಸೋದರತ್ತೆ. ತೊಂಬತ್ತರ ದಶಕದಲ್ಲಿ ನಾನು ಲಂಡನ್ನಿನ ಸಂಗೀತ ಕಾಲೇಜಿಗೆ ಸೇರಿದ ದಿನ ಹೇಳಿದ ಮಾತು ಅದು. ಅಪ್ಪ ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ನಮ್ಮ ಮನೆತನದಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಮ್ಮ ಮಾತ್ರ ಸ್ಟ್ರಾಟ್‌ಫರ್ಡಿನ ಒಂದು ಕಾಲೇಜಿನ ಮೆಟ್ಟಿಲನ್ನು ದಿನಾ ಹತ್ತುತ್ತಿದ್ದಳು, ಒರೆಸುವುದಕ್ಕೆ.

ನಾನು ಸೊಪ್ರಾನೊ. ಅಂದರೆ ಹೆಣ್ಣುದನಿಗಳಲ್ಲೆಲ್ಲ ಎತ್ತರದ್ದು. ಈಗ ಕನ್ಸರ್ಟುಗಳಲ್ಲಿ ಹಾಡಿ ಬದುಕುತ್ತೇನೆ. ಆಪೆರಾದಿಂದ, ಅಂದರೆ ಇಲ್ಲಿನವರ ಸಂಗೀತ ನಾಟಕದಿಂದ, ದೂರ ಸರಿದದ್ದು ಹೇಗೆಂದು ಹೇಳಿಬಿಡುತ್ತೇನೆ. ಆಪೆರಾದಲ್ಲಿ ಸೊಪ್ರಾನೊಗೆ ಒಂದು ಶಾಪವಿದೆ. ಎಷ್ಟು ಎತ್ತರಕ್ಕೆ ಹಾಡುತ್ತೀರೋ ಅಷ್ಟು ಬೇಗ ಸಾಯಬೇಕು. ನನ್ನ ಕೊನೆಯ ಪರೀಕ್ಷೆಗೂ ಒಂದು ಸಾವೇ ಬಂತು. ವಿಷ ಕುಡಿದು, ಹಾಡುತ್ತಾ ಮಂಚಕ್ಕೆ ಒರಗಿ ಸಾಯಬೇಕು. ಪ್ರಿಯಕರ ಓಡಿಬಂದು ನನ್ನ ಮುಖವನ್ನು ಎತ್ತಿಹಿಡಿದು ಗೋಳಾಡಬೇಕು. ಇದರಲ್ಲಿ ಫೇಲಾದರೆ ಡಿಗ್ರಿ ಇಲ್ಲ.

ಒಂದು ದಿನ ಮನೆಯ ಸೋಫಾದ ಮೇಲೆ ಸತ್ತು ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಕೆಲಸದಿಂದ ಬಂದಳು.

"ಏಳೇ ಮೇಲೆ. ಉತ್ತರಕ್ಕೆ ತಲೆ ಹಾಕಿದ್ದೀಯಲ್ಲೇ."

"ಅಮ್ಮ, ನಾನು ಸತ್ತಿದ್ದೀನಿ."

"ಸಾಯೋದು ನಾಟಕ. ತಲೆ ನಿಂದೇ ತಾನೆ?"

"ಥಿಯೇಟರಿನಲ್ಲಿ ಅವರು ಹೇಳಿದ ಕಡೆಗೇ ಒರಗಬೇಕಮ್ಮ. ಅದು ಯಾವ ದಿಕ್ಕೋ ನಂಗೇನು ಗೊತ್ತು?"

"ಹಂಗಾದ್ರೆ ನಾನು ಬರಲ್ಲ. ಮದುವೆಯಾಗದ ಮಗಳು ಉತ್ತರಕ್ಕೆ ತಲೆ ಹಾಕಿ ಸಾಯೋದನ್ನ ರಜ ಹಾಕಿ ಬಂದು ನೋಡ್ಲಾ?"

ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು: "ದಕ್ಷಿಣಕ್ಕೆ ಸಾಯೋಕೆ ಏನಮ್ಮ ಕಷ್ಟ?"

ಬೆಳಗಿನ ಚಳಿಯಲ್ಲಿ ಎದ್ದು ದುಡಿದು ನನ್ನನ್ನು ಓದಿಸಿದವಳು ಅಮ್ಮ. ಅವಳಿಲ್ಲದ ಪರೀಕ್ಷೆ ನನಗೆ ಬೇಡವಾಗಿತ್ತು. ಥಿಯೇಟರು ನೆಲಮಾಳಿಗೆಯಲ್ಲಿತ್ತು, ಕಿಟಕಿಯೂ ಇಲ್ಲ. ಆಟಿಕೆ ಅಂಗಡಿಯಿಂದ ಒಂದು ದಿಕ್ಸೂಚಿ ಕೊಂಡೆ. ಯಾರೂ ಇಲ್ಲದ ಹೊತ್ತು ನೋಡಿ, ವೇದಿಕೆಯ ಎಡಬದಿಯ ಪಿಯಾನೊಗೆ ಆನಿಸಿ ಹಿಡಿದು, ಅತ್ಯಂತ ವೈಜ್ಞಾನಿಕವಾಗಿ ಪರಿಶೀಲಿಸಿದೆ. ಮುಳ್ಳು ಎಡಕ್ಕೇ ತಿರುಗಿತು. ಮಂಚದ ಮೇಲೆ ನನ್ನ ದಿಂಬೂ ಎಡಕ್ಕೇ ಇತ್ತು. ಸರಿ, ಪರೀಕ್ಷೆಯ ದಿನ ಬಲಕ್ಕೆ ತಲೆ ಹಾಕಿ ಸಾಯುವುದೆಂದು ತೀರ್ಮಾನಿಸಿದೆ. ನಿರ್ದೇಶಕರಿಗೆ ಹೇಳಿದರೆ ಬೇಡವೆಂದಾರು. ಪ್ರಿಯಕರನ ಪಾತ್ರದ ಪೀಟರನಿಗೆ ಹೇಳಿದರೆ ಪಾಪ, ಗಾಬರಿಯಾದಾನು. ಆದ್ದರಿಂದ ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ಮಧ್ಯಾಹ್ನ ನನ್ನ ಕೊನೆಯ ಸ್ವರ ಛಾವಣಿ ಮುಟ್ಟಿತು. ಮುಂದಿನ ಸಾಲಿನಲ್ಲಿ ಅಮ್ಮ, ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಕೂತಿದ್ದಳು. ನಾನು ಗಂಭೀರವಾಗಿ ಬಲಕ್ಕೆ ಒರಗಿ ಸತ್ತೆ.

ಪೀಟರನಿಗೆ ಕನ್ನಡಕವಿಲ್ಲದೆ ಏನೂ ಕಾಣದು. ವೇದಿಕೆಯ ಮೇಲೆ ಕನ್ನಡಕ ಹಾಕುವಂತಿಲ್ಲ. ಅವನು ಓಡಿಬಂದು, ಅಭ್ಯಾಸದಂತೆ ಎಡಬದಿಗೆ ಮಂಡಿಯೂರಿ, ನನ್ನ ಪಾದಗಳೆರಡನ್ನೂ ಎತ್ತಿ ಎದೆಗೊತ್ತಿಕೊಂಡ. ಈ ತುಟಿಗಳು ಇನ್ನು ನನ್ನೊಡನೆ ಮಾತಾಡವೇ ಎಂದು ಇಟಾಲಿಯನ್ನಿನಲ್ಲಿ ಗೋಳಾಡಿದ. ಆಮೇಲೆ ಏನೋ ಅನುಮಾನ ಬಂದಿರಬೇಕು, ಅಂಗಾಲನ್ನು ಮತ್ತೆ ಮತ್ತೆ ಸವರಿ ನೋಡಿದ. ನನಗೋ ವಿಪರೀತ ಕಚಗುಳಿ.

ಸತ್ತವಳು ಒದ್ದಳು. ಪೀಟರ್ ಹಿಂದಕ್ಕೆ ಬಿದ್ದ.

ಆಗ ಅಮ್ಮ ಎದ್ದು ನಿಂತು, ಹುಡುಗನಿಗೆ ಸಹಾಯವಾಗಲೆಂದು ಸ್ವಚ್ಛ ಕನ್ನಡದಲ್ಲಿ ಕೂಗಿದಳು:

"ತಲೆ ಆ ಕಡೆ ಇದೆ ಕಣಪ್ಪಾ, ಆ ಕಡೆ!"

ಅವಳದ್ದೂ ಸೊಪ್ರಾನೊ ಎಂದು ನನಗೆ ತಿಳಿದದ್ದು ಆಗಲೇ.

ಎಲ್ಲ ಮುಗಿದ ಮೇಲೆ ಹೊರಗೆ ಫುಟ್‌ಪಾತಿನಲ್ಲಿ ನಾನು ಅಳುತ್ತಾ ನಿಂತಿದ್ದೆ. ಅಮ್ಮ ಸಂಜೆ ಬಿಸಿಲಿಗೆ ಕೈ ಅಡ್ಡ ಹಿಡಿದು ಏನೋ ಲೆಕ್ಕ ಹಾಕುತ್ತಿದ್ದಳು.

"ಸೂರ್ಯ ಅಲ್ಲಿ ಮುಳುಗ್ತಿದ್ದಾನೆ. ಅಂದ್ರೆ ಉತ್ತರ ಇತ್ಲಾಗಾಯ್ತು. ನಿನ್ನ ತಲೆ ಎತ್ಲಾಗಿತ್ತೇ?"

ಯೋಚಿಸಿದೆ. ಇತ್ಲಾಗೇ ಇತ್ತು. ಪಿಯಾನೊದ ಹೊಟ್ಟೆಯೊಳಗೆ ಕಬ್ಬಿಣದ ದೊಡ್ಡ ಚೌಕಟ್ಟಿರುತ್ತದೆ. ದಿಕ್ಸೂಚಿ ತೋರಿಸಿದ್ದು ಅದನ್ನು, ಉತ್ತರವನ್ನಲ್ಲ. ವರ್ಷಗಟ್ಟಲೆ ಪಿಯಾನೊಗೆ ಒರಗಿ ಹಾಡಿದವಳಿಗೆ ಇದು ಹೊಳೆಯಲಿಲ್ಲ. ಹೇಳಿದ ಕಡೆಗೇ ತೆಪ್ಪಗೆ ಸತ್ತಿದ್ದರೆ ದಕ್ಷಿಣಕ್ಕೇ ಸಾಯುತ್ತಿದ್ದೆ.

ಪಾಸಾದೆ. ಅದೂ ದನಿಯ ದಯೆಯಿಂದ, ಅಂಚಿನಲ್ಲಿ. ಪರೀಕ್ಷಕರ ಷರಾ ಹೀಗಿತ್ತು: ಸಾವು ನಂಬುವಂತಿರಲಿಲ್ಲ.

ಪದವಿ ಪ್ರದಾನದ ದಿನ ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಅಂಗೈಯನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿ, ಅಮ್ಮನಿಗೆ ದಾಟಿಸಿದರು. ಅಮ್ಮ ನನ್ನ ಹೆಸರಿನ ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ನಮ್ಮ ಮನೆತನದ ಮೊದಲ ಡಿಗ್ರಿ.

"ಚೆನ್ನಾಗಿದೆ ಕಣೇ" ಎಂದಳು ಅಮ್ಮ. "ಇನ್ಮೇಲೆ ನಿಂತ್ಕೊಂಡು ಹಾಡೋ ಕೆಲಸ ಯಾವುದಾದ್ರೂ ನೋಡು. ಮಲಗಿದ್ರೆ ನಿಂಗೆ ದಿಕ್ಕೇ ತಿಳಿಯಲ್ಲ."