ಇಪ್ಪತ್ತು ಮಾರ್ಕರ್‌ಗಳ ಖಂಡೇಪೂಜೆ

ಸುರಕ್ಷತೆ ಎಂಬ ವಿಷಯದಲ್ಲಿ ನನ್ನಷ್ಟು ತಿಳಿದವನು ಕಲಂಗುಟ್‌ನಿಂದ ಪಣಜಿಯವರೆಗೆ ಯಾರೂ ಇಲ್ಲ ಎಂದು ಕಳೆದ ವರ್ಷದ ಮಹಾನವಮಿಯ ಬೆಳಿಗ್ಗೆ ಒಂಬತ್ತು ಗಂಟೆಯವರೆಗೂ ನಾನು ನಂಬಿದ್ದೆ. ಒಂಬತ್ತೂವರೆಗೆ ಆ ನಂಬಿಕೆಯ ಮೇಲೆ ಹಳದಿ, ನೀಲಿ ಮತ್ತು ಗುಲಾಬಿ ಬಣ್ಣ ಬಿದ್ದಿತ್ತು.

ನಾನು ಬಸವರಾಜ, ಸಿಂದಗಿ ಕಡೆಯವನು. ಗೋವಾಕ್ಕೆ ಬಂದು ಹದಿನೈದು ವರ್ಷ ಕಂಡವರ ಮನೆಗೆ ಬಣ್ಣ ಬಳಿದೆ. ಆಮೇಲೆ ನನ್ನ ಮೊಣಕಾಲು ಏಣಿ ಹತ್ತಲು ಒಲ್ಲೆ ಎಂದಿತು. ಕಲಂಗುಟ್‌ನ ಹೊರಗೆ ಆಗ್ನೇಲ್ ಬಾಬ್ ಎಂಬವರ ಪೇಂಟ್‌ಬಾಲ್ ಮೈದಾನದಲ್ಲಿ ಆಳು ಬೇಕಂತೆ ಎಂದು ಕೇಳಿ ಹೋದೆ. "ಪೇಂಟಿನ ಅನುಭವ ಇದೆಯೇನು ರೇ?" ಎಂದು ಅವರು ನಗುತ್ತಾ ಕೇಳಿದರು. ನಾನು ಗಂಭೀರವಾಗಿ "ಹದಿನೈದು ವರ್ಷದ್ದು" ಎಂದೆ. ಕೆಲಸ ಸಿಕ್ಕಿತು. ಬಾಬ್ ಮಾತಾಡುವುದು ಅರ್ಧ ಕೊಂಕಣಿ, ಅರ್ಧ ಹಿಂದಿ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ, ಬೈಗುಳ ಬಿಟ್ಟು.

ಈ ಆಟ ನೋಡದವರಿಗೆ ಒಂದು ಮಾತು. ಎರಡು ತಂಡದವರು ಹಳೆಯ ಟೈರು, ಡ್ರಮ್ಮುಗಳ ಹಿಂದೆ ಅಡಗಿ ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡೆಯುತ್ತಾರೆ. ಗುಂಡು ನೆಲ್ಲಿಕಾಯಿಯಷ್ಟು, ತಾಗಿದರೆ ಒಡೆದು ಬಣ್ಣ ಚೆಲ್ಲುತ್ತದೆ. ಹೊಡೆಯುವ ಸಾಧನಕ್ಕೆ ಬಂದೂಕು ಅನ್ನಬಾರದು, ಮಾರ್ಕರ್ ಅನ್ನಬೇಕು. ಅದರ ತಲೆಯ ಮೇಲೆ ಗುಂಡು ತುಂಬುವ ಡಬ್ಬಿ, ಹಿಂದೆ ಗ್ಯಾಸಿನ ಬಾಟಲಿ, ನಳಿಗೆಯ ಬಾಯಿಗೆ ಬಟ್ಟೆಯ ಮುಸುಕು. ಆಟವಿಲ್ಲದಾಗ ಮುಸುಕು ಇರಲೇಬೇಕು, ಡಬ್ಬಿ ಮತ್ತು ಬಾಟಲಿ ಇಳಿಸಿಟ್ಟಿರಬೇಕು, ಬೆರಳಿನಿಂದ ಎಳೆಯುವ ಕುದುರೆಯ ಹತ್ತಿರದ ಬಟನ್ನಿನಲ್ಲಿ ಕೆಂಪು ಕಾಣಬಾರದು. ಕೆಂಪು ಕಂಡರೆ ಅದು ಹೊಡೆಯಲು ತಯಾರು. ಇನ್ನು ಕಣ್ಣಿಗೆ ಗಾಜಿರುವ, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಇಲ್ಲದೆ ಮೈದಾನದ ಗೇಟಿನೊಳಗೆ ನೊಣವೂ ಬರಕೂಡದು.

ಇದನ್ನೆಲ್ಲ ನಾನು ಒಂದು ತಿಂಗಳು ಮನೆಯಲ್ಲಿ ಬಾಯಿಪಾಠ ಮಾಡಿದೆ. ಹೆಂಡತಿ ಶಾಂತವ್ವ ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ಸಂಜೆ ಆಕೆ ಕುಳಿತು ಮಣಿ ಪೋಣಿಸುವಾಗ ಎದುರಿಗೆ ನಿಂತು ನಾನು ನಿಯಮಗಳನ್ನು ಭಾಷಣದಂತೆ ಒಪ್ಪಿಸುತ್ತಿದ್ದೆ. ಆಕೆ ತಲೆ ಎತ್ತದೆ "ಹೂಂ" ಅನ್ನುತ್ತಿದ್ದಳು. ಓದು ಬಾರದ ಹೆಂಗಸಿಗೆ ಇದೆಲ್ಲ ಹೇಗೆ ತಲೆಗೆ ಹೋಗಬೇಕು ಎಂದು ನಾನು ಒಳಗೊಳಗೇ ಮರುಗುತ್ತಿದ್ದೆ.

ಬಾಬ್ ದಸರಾಕ್ಕೆ ವಾರವಿರುವಾಗ ನನ್ನನ್ನು ಕರೆದರು. "ಬಸವರಾಜ್, ದಶಮಿ ದಿನ ನಿನ್ನನ್ನು ಸೇಫ್ಟಿ ಮಾರ್ಷಲ್ ಮಾಡುತ್ತೇನೆ. ಹಳದಿ ಜಾಕೆಟ್, ಸೀಟಿ, ಎರಡೂ ನಿನ್ನವು. ಅಲ್ಲಿಯವರೆಗೆ ಒಂದೇ ಒಂದು ತಪ್ಪು ಆಗಬಾರದು."

ನನ್ನ ಎದೆ ಡೊಳ್ಳಾಯಿತು! ಜಾಕೆಟ್ ಹಾಕಿಕೊಂಡ ಮನುಷ್ಯನಿಗೆ ಏಣಿ ಹತ್ತು ಅಂತ ಯಾರೂ ಹೇಳುವುದಿಲ್ಲ. ಕೂಡಲೇ ಸಿಂದಗಿಗೆ ಫೋನ್ ಹಚ್ಚಿ ಹೆಂಡತಿಯ ತಮ್ಮ ಮಲ್ಲಪ್ಪನಿಗೆ ಸುದ್ದಿ ಮುಟ್ಟಿಸಿದೆ. ಮದುವೆಯಾದಾಗಿನಿಂದ ಅವನು ನನ್ನನ್ನು 'ಸುಣ್ಣದ ಮಾಮಾ' ಎಂದೇ ಕರೆಯುತ್ತಾನೆ. "ಮಹಾನವಮಿ ದಿನ ಖಂಡೇಪೂಜಿ ವಿಡಿಯೋದಾಗ ತೋರಸ್ತೇನಿ, ಕಣ್ಣು ತಗದು ನೋಡು" ಎಂದೆ. ಹೌದು, ಪೂಜೆ ಮಾಡುವುದೆಂದು ನಾನಾಗಿಯೇ ತೀರ್ಮಾನಿಸಿದ್ದೆ. ಕೊಡಲಿ, ಕುಡುಗೋಲು, ರಂಟೆ, ಹೊಲಿಗೆ ಯಂತ್ರ, ಎಲ್ಲಕ್ಕೂ ಖಂಡೇಪೂಜೆ ಮಾಡಿದ ವಂಶ ನಮ್ಮದು. ಇಪ್ಪತ್ತು ಮಾರ್ಕರ್ ಇಟ್ಟುಕೊಂಡು ಸುಮ್ಮನೆ ಕೂರುವುದುಂಟೇ? ಬಾಬ್ ಕೂಡ ಖುಷಿಯಿಂದ ಒಪ್ಪಿದರು. ಹತ್ತು ಗಂಟೆಗೆ ಆಟ, ಒಂಬತ್ತಕ್ಕೆ ಪೂಜೆ ಎಂದಾಯಿತು.

ಆ ಬೆಳಿಗ್ಗೆ ಶೆಡ್ಡಿನ ಮುಂದೆ ಉದ್ದನೆಯ ಮೇಜು ಹಾಕಿ, ಬಾಳೆ ಎಲೆ ಹಾಸಿ, ಮಾರ್ಕರ್‌ಗಳನ್ನು ಜೋಡಿಸಲು ನಿಂತೆ. ಮೊದಲನೆಯದನ್ನು ಇಟ್ಟ ಕೂಡಲೇ ಮನಸ್ಸಿಗೆ ಕಸಿವಿಸಿಯಾಯಿತು. ಮುಖಕ್ಕೆ ಮುಸುಕು! ದೇವರ ಮುಖ ಮುಚ್ಚಿ ಪೂಜೆ ಮಾಡುತ್ತಾರೆಯೇ? ಕುಂಕುಮ ಹಚ್ಚುವುದಾದರೂ ಎಲ್ಲಿಗೆ? ಇಪ್ಪತ್ತೂ ಮುಸುಕು ತೆಗೆದೆ. ಆಮೇಲೆ ಖಾಲಿತನ. ನಮ್ಮಪ್ಪ ಕೂರಿಗೆಗೆ ಪೂಜೆ ಮಾಡುವಾಗ ಬಟ್ಟಲಿಗೆ ಒಂದು ಹಿಡಿ ಜೋಳವಾದರೂ ಹಾಕುತ್ತಿದ್ದರು. ಬರಿದಾದದ್ದನ್ನು ಪೂಜಿಸಿದರೆ ವರ್ಷವೆಲ್ಲ ಬರಿದು ಎಂದು ಅವರ ನಂಬಿಕೆ. ಆದ್ದರಿಂದ ಡಬ್ಬಿ ಏರಿಸಿ ಗುಂಡು ತುಂಬಿದೆ, ತುಂಬಿದ ಗ್ಯಾಸ್ ಬಾಟಲಿ ತಿರುಗಿಸಿ ಕೂಡಿಸಿದೆ. ಬಟನ್ ಒತ್ತಿದರೆ ಕೆಂಪು ಉಂಗುರ ಕಾಣುತ್ತದಲ್ಲ, ಹಬ್ಬದ ದಿನ ಕೆಂಪು ಶುಭ, ಎಲ್ಲವನ್ನೂ ಕೆಂಪಾಗಿಸಿದೆ. ದೇವರು ಭಕ್ತರ ಕಡೆ ಮುಖ ಮಾಡಿರಬೇಕು, ಹಾಗಾಗಿ ಇಪ್ಪತ್ತೂ ನಳಿಗೆಗಳನ್ನು ಜನ ನಿಲ್ಲುವ ಕಡೆಗೆ ತಿರುಗಿಸಿದೆ.

ಉಳಿದದ್ದು ಎಣ್ಣೆ. ಶೆಡ್ಡಿನಲ್ಲಿ ತೂಗುಹಾಕಿದ್ದ ಸೂಚನೆಯ ಕಾರ್ಡಿನಲ್ಲಿ 'ಮಾರ್ಕರಿನ ಎಣ್ಣೆ ಮಾತ್ರ, ಮೂರೇ ಹನಿ' ಎಂದು ಬರೆದಿತ್ತು. ಹಬ್ಬಕ್ಕೆ ಮೂರು ಹನಿ ಎಂದರೆ ಜಿಪುಣತನ. ನಮ್ಮವ್ವ ಹೊಲಿಗೆ ಯಂತ್ರಕ್ಕೆ ಈ ದಿನ ಕೊಬ್ಬರಿ ಎಣ್ಣೆಯನ್ನು ತೊಟ್ಟಿಕ್ಕುವಷ್ಟು ಕುಡಿಸುತ್ತಿದ್ದಳು. ನಾನು ಶಾಂತವ್ವನ ತಲೆಗೆಣ್ಣೆಯ ಬಾಟಲಿ ತಂದಿದ್ದೆ. ಗುಂಡನ್ನು ಸಜ್ಜು ಮಾಡುವ ಹಿಂದಿನ ಹಿಡಿಕೆಯನ್ನು ಕಟಕ್ ಎಂದು ಎಳೆದು, ಒಂದೊಂದಕ್ಕೂ ಎರಡು ಚಮಚ ಧಾರಾಳವಾಗಿ ಸುರಿದೆ. ಕೊನೆಗೆ ಚೆಂಡುಹೂವಿನ ಒಂದೇ ಉದ್ದನೆಯ ಮಾಲೆ. ಜಾರಬಾರದೆಂದು ಅದನ್ನು ಇಪ್ಪತ್ತೂ ಮಾರ್ಕರ್‌ಗಳ ಕುದುರೆಯ ಸಂದಿಯಲ್ಲಿ ತೂರಿಸಿ ಬಿಗಿಯಾಗಿ ಕಟ್ಟಿದೆ. ನೋಡಲು ಎಷ್ಟು ಅಂದ! ನಾನೇ ಎರಡು ಫೋಟೋ ತೆಗೆದುಕೊಂಡೆ.

ಅಷ್ಟರಲ್ಲಿ ಶಾಂತವ್ವ ಆರತಿ ತಟ್ಟೆ ಹಿಡಿದು ಬಂದಳು. ಮೇಜನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಮುಸುಕು ಎಲ್ಲಿ ಹೋದವ್ರಿ?"

"ತಗದೇನಿ. ಪೂಜಿಗೆ."

"ಡಬ್ಬಿ ಯಾಕ ಏರಿಸೀರಿ? ಒಂದ್ ತಿಂಗಳಿಂದ ನೀವ ನನ್ನ ತಲಿ ತಿಂದೀರಿ, ಡಬ್ಬಿ ಇಳಸಬೇಕು, ಬಾಟಲಿ ತಗೀಬೇಕು, ಕೆಂಪು ಕಾಣಬಾರ್ದು ಅಂತ."

"ಅದು ಆಟದ ಮಾತು. ಇವತ್ತು ಪೂಜಿ ಐತಿ."

"ಇವತ್ತು ಪೂಜಿ ಐತಿ ಅಂತ ಅವಕ್ಕ ಗೊತ್ತೈತೇನ್ರಿ?"

ಶಾಸ್ತ್ರ ತಿಳಿಯದವರ ಜೊತೆ ವಾದ ಮಾಡಬಾರದೆಂದು ನಾನು ಊದುಬತ್ತಿ ಹಚ್ಚಿದೆ. ಆಕೆ ಬಿಡಲಿಲ್ಲ. "ಹಂಗಾದ್ರ ಎಲ್ಲಾರೂ ಮಾಸ್ಕ್ ಹಾಕ್ಕೊಳ್ಳಿ. ಇಲ್ಲಂದ್ರ ನಾ ಆರತಿ ತಟ್ಟಿ ಕೊಡಂಗಿಲ್ಲ" ಎಂದು ಗೇಟಿಗೆ ಹೋಗಿ ನಿಂತುಬಿಟ್ಟಳು. ಬೆಳ್ಳಗಿನ ಅಂಗಿ, ಬೆಳ್ಳಗಿನ ಪ್ಯಾಂಟು ಹಾಕಿ ಬಂದ ಬಾಬ್‌ಗೂ ಮಾಸ್ಕ್ ಕೊಟ್ಟಳು. ಆಟಕ್ಕೆಂದು ಬೇಗ ಬಂದಿದ್ದ ಆರು ಜನ ಟೂರಿಸ್ಟರಿಗೂ ಕೊಟ್ಟಳು. ಇಪ್ಪತ್ತು ನಳಿಗೆಗಳ ಎದುರು ಎಲ್ಲರೂ ಮಾಸ್ಕ್ ಹಾಕಿಕೊಂಡು ಕೈ ಮುಗಿದು ನಿಂತರು. ನಾನು ಮಾತ್ರ ಹಾಕಿಕೊಳ್ಳಲಿಲ್ಲ. ಮಾಸ್ಕಿನೊಳಗಿಂದ ಮಂತ್ರ ಹೊರಗೆ ಬರುವುದಿಲ್ಲ.

ಮೇಜಿನ ಮುಂದೆ ತೆಂಗಿನಕಾಯಿಗೆ ಒರಗಿಸಿಟ್ಟ ಫೋನಿನಲ್ಲಿ ಮಲ್ಲಪ್ಪ ಹಲ್ಲು ಕಿರಿಯುತ್ತಿದ್ದ. ನಾನು ಮೇಜಿನ ಹಿಂದೆ ನಿಂತು ಆರತಿ ಎತ್ತಿದೆ. ಎಲ್ಲವೂ ಚೆನ್ನಾಗಿ ಮುಗಿಯುವುದರಲ್ಲಿತ್ತು. ಆಗ ಕಂಡಿತು, ಬಲತುದಿಯಲ್ಲಿ ಮಾಲೆ ಜೋತುಬಿದ್ದಿದೆ. ಮಲ್ಲಪ್ಪ ನೋಡುತ್ತಿರುವಾಗ ಜೋತುಬಿದ್ದ ಮಾಲೆ! ಸ್ವಲ್ಪ ಜಗ್ಗಿದೆ.

ಠಪ್.

ಪೂಜೆಗೆಂದು ಎದುರಿಗಿಟ್ಟಿದ್ದ ಬೂದುಗುಂಬಳದ ಮೇಲೆ ಗುಲಾಬಿ ಬಣ್ಣ ಹರಿಯಿತು. ಇದೂ ಪೂಜೆಯ ಭಾಗವೆಂದು ತಿಳಿದ ಒಬ್ಬ ಟೂರಿಸ್ಟ್ ಚಪ್ಪಾಳೆ ತಟ್ಟಿದ. ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಮಾಲೆ ಕೈಯಲ್ಲೇ ಇತ್ತು.

ಠಪ್, ಠಪ್, ಠಪಠಪಠಪ್! ಈ ಮಾರ್ಕರ್ ಒಂದು ಗುಂಡು ಹೊಡೆದ ಕೂಡಲೇ ಇನ್ನೊಂದಕ್ಕೆ ತಾನೇ ಸಜ್ಜಾಗುತ್ತದೆ, ಜಗ್ಗಿದಷ್ಟೂ ಕೊಡುತ್ತದೆ. ಬಾಬ್ ಅವರ ಬಿಳಿ ಅಂಗಿ ನೀಲಿಯಾಯಿತು. ಬಿಳಿ ಪ್ಯಾಂಟು ಹಳದಿಯಾಯಿತು. ಹದಿನೈದು ವರ್ಷದಲ್ಲಿ ನಾನು ಇಷ್ಟು ಬೇಗ ಯಾವುದಕ್ಕೂ ಬಣ್ಣ ಹಚ್ಚಿರಲಿಲ್ಲ. ನಿಲ್ಲಿಸಬೇಕೆಂದು ಮಾಲೆಯನ್ನು ಇನ್ನೂ ಬಿಗಿಯಾಗಿ ಹಿಡಿದು ಎಳೆದೆ. ಫೋನಿನ ಮೇಲೂ ಒಂದು ಒಡೆಯಿತು. ಒಳಗಿನಿಂದ ಮಲ್ಲಪ್ಪನ ದನಿ ಬಂತು: "ಮಾಮಾ, ಏನೂ ಕಾಣವಲ್ದು. ಪೂಜಿ ಮುಗೀತೇನು?"

"ಮಾಲಿ ಬಿಡ್ರಿ!"

ಅದು ಶಾಂತವ್ವ. ತೆರೆಗಳ ಸದ್ದನ್ನೂ ಮೀರಿಸಿ ಮಣಿಸರ ಮಾರುವ ದನಿ ಅದು. ಮಾಲೆ ಬಿಟ್ಟೆ. "ಎಲ್ಲಾರೂ ಕುಂದರ್ರಿ. ಮಾಸ್ಕ್ ತಗೀಬ್ಯಾಡ್ರಿ" ಎಂದಳು. ಟೂರಿಸ್ಟರಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಆದರೂ ಆರೂ ಜನ ಕುಳಿತರು. ಬಾಬ್ ಕುಳಿತರು. ನಾನೂ ಕುಳಿತೆ. ಆಕೆ ಮೇಜಿನ ಹಿಂದಿನಿಂದ ಬಂದು ಮಣಿ ದಾರದ ಕತ್ತರಿಯಿಂದ ಮಾಲೆ ಕತ್ತರಿಸಿದಳು. ಒಂದೊಂದೇ ಬಟನ್ ಒತ್ತಿ ಕೆಂಪು ಮುಚ್ಚಿದಳು. ಒಂದೊಂದಕ್ಕೇ ಮುಸುಕು ತೊಡಿಸಿದಳು. ಆಮೇಲೆ ಒಂದು ಮಾಸ್ಕ್ ನನ್ನ ಮಡಿಲಿಗೆ ಎಸೆದು "ಹಾಕ್ಕೋರಿ" ಎಂದಳು. ಬೈಗುಳಕ್ಕಿಂತ ಅದು ವಾಸಿ ಎಂದು ಹಾಕಿಕೊಂಡೆ.

ಇಲ್ಲಿಗೆ ನಿಂತಿದ್ದರೆ ನಾನು ಬರೀ ದಡ್ಡ ಅನ್ನಿಸಿಕೊಂಡು ಪಾರಾಗುತ್ತಿದ್ದೆ. ಆದರೆ ಜಾಕೆಟ್ಟಿನ ಆಸೆ ಇನ್ನೂ ಸತ್ತಿರಲಿಲ್ಲ. ಹತ್ತು ಗಂಟೆಯ ಆಟವನ್ನಾದರೂ ಸರಿಯಾಗಿ ನಡೆಸಿದರೆ ಬಾಬ್ ಕ್ಷಮಿಸಬಹುದು ಎಂದುಕೊಂಡು, ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಒಂದು ಮಾರ್ಕರ್ ಎತ್ತಿದೆ. ಹಿಡಿಕೆ ಅಲುಗಲಿಲ್ಲ. ಒಂದೇ ಸಮ ಗುಂಡು ಹೊಡೆದರೆ ಗ್ಯಾಸು ಮಂಜಿನಂತೆ ತಣ್ಣಗಾಗುತ್ತದೆ. ಒಳಗಿದ್ದ ಎರಡು ಚಮಚ ಕೊಬ್ಬರಿ ಎಣ್ಣೆ ತುಪ್ಪದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಇದಕ್ಕೆ ಔಷಧ ನನಗೆ ಗೊತ್ತಿತ್ತು! ಸಿಂದಗಿಯ ಚಳಿಗೆ ತಲೆಗೆಣ್ಣೆ ಗಟ್ಟಿಯಾದರೆ ನಾವೇನು ಮಾಡುತ್ತೇವೆ? ಬಾಟಲಿಯನ್ನು ಬಿಸಿಲಿಗೆ ಇಡುತ್ತೇವೆ. ಮುಸುಕು ತೆಗೆದು ಮಾರ್ಕರನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಗ್ಯಾಸ್ ಬಾಟಲಿ ಇಳಿಸಬೇಕೆಂಬುದು ನೆನಪಾಗಲಿಲ್ಲ. ಹತ್ತು ನಿಮಿಷ ಬಿಟ್ಟು ಹಿಡಿಕೆ ಎಳೆದರೆ ಸರಕ್ಕನೆ ಬಂತು. ಬಟನ್ ಅಂಟಿಕೊಂಡಿದೆಯೋ ಎಂದು ಅದನ್ನೂ ಒತ್ತಿ ನೋಡಿದೆ, ಕೆಂಪಾಯಿತು. ಎಣ್ಣೆ ಪೂರ್ತಿ ಕರಗಿದೆಯೇ ಎಂದು ನೋಡಬೇಕಲ್ಲ? ಎಣ್ಣೆಯ ಬಾಟಲಿಯಾದರೆ ಅದರ ಬಾಯೊಳಗೆ ಇಣುಕಿ ನೋಡುತ್ತೇವೆ. ನಳಿಗೆಯನ್ನು ನನ್ನ ಕಡೆ ತಿರುಗಿಸಿ, ಕಣ್ಣು ಹತ್ತಿರ ತಂದೆ. ಹೆಬ್ಬೆರಳು ಎಲ್ಲಿದೆ ಎಂದು ನೋಡಲಿಲ್ಲ.

ಠಪ್.

ಲೋಕ ಹಳದಿಯಾಯಿತು. ಕಣ್ಣು ಹೋಯಿತು ಎಂದುಕೊಂಡೆ. ಖರೇ ಹೇಳುತ್ತೇನೆ, ಆಗ ಜಾಕೆಟ್ ನೆನಪಾಗಲಿಲ್ಲ, ಮಲ್ಲಪ್ಪ ನೆನಪಾಗಲಿಲ್ಲ. ಮರಳಿನ ಮೇಲೆ ಕುಸಿದು "ಶಾಂತಾ" ಎಂದೆ. ಆಕೆ ಓಡಿ ಬಂದು ಸೆರಗಿನಿಂದ ಮಾಸ್ಕಿನ ಗಾಜು ಒರೆಸಿದಳು. ಬೆಳಕು ಬಂತು. ಆಕೆ ಬಗ್ಗಿ ನನ್ನ ಎರಡೂ ಕಣ್ಣುಗಳನ್ನು ನೋಡಿದಳು.

"ಎರಡೂ ಅದಾವ" ಎಂದಳು. ಬೈಯಲಿಲ್ಲ. ಮಾರ್ಕರ್ ಎತ್ತಿ, ಕೆಂಪು ಮುಚ್ಚಿ, ಮುಸುಕು ತೊಡಿಸಿದಳು.

ಬಾಬ್ ಅಂದಿನ ಆಟ ರದ್ದು ಮಾಡಿದರು. "ಎಲ್ಲ ಬಿಚ್ಚು, ಒರೆಸು" ಎಂದಷ್ಟೇ ಹೇಳಿದರು. ಡಬ್ಬಿ ಇಳಿಸುವುದು, ಬಾಟಲಿ ಬಿಚ್ಚುವುದು, ಉಳಿದ ಗ್ಯಾಸನ್ನು ಮರಳಿನ ಗುಡ್ಡೆಗೆ ಹೊಡೆದು ಖಾಲಿ ಮಾಡುವುದು, ಆಮೇಲೆಯೇ ಒರೆಸಲು ಕೈ ಹಾಕುವುದು. ಈ ಕ್ರಮವನ್ನು ಇಪ್ಪತ್ತು ಸಲವೂ ಪಕ್ಕದಲ್ಲಿ ನಿಂತು ಹೇಳಿದ್ದು ಶಾಂತವ್ವ. ಒಂದು ತಿಂಗಳು "ಹೂಂ" ಅಂದವಳಿಗೆ ನನ್ನ ಭಾಷಣವೆಲ್ಲ ಅಕ್ಷರ ಬಿಡದೆ ಬಾಯಿಗೆ ಬಂದಿತ್ತು. ಸಂಜೆಯವರೆಗೂ ಒರೆಸಿದೆ. ಶೆಡ್ಡಿಗೆಲ್ಲ ನನ್ನ ಹೆಂಡತಿಯ ಜಡೆಯ ವಾಸನೆ.

ಆದರೂ ದಶಮಿಯ ದಿನ ಒಗೆದ ಅಂಗಿ ಹಾಕಿಕೊಂಡು, ಬನ್ನಿ ಎಲೆ ಹಿಡಿದುಕೊಂಡು ಬಾಬ್ ಮುಂದೆ ನಿಂತೆ. ಆಸೆಗೆ ನಾಚಿಕೆ ಎಲ್ಲಿದೆ? ಅವರು ಬನ್ನಿ ತೆಗೆದುಕೊಂಡರು, ಅಪ್ಪಿಕೊಂಡರು. ಹಳದಿ ಜಾಕೆಟ್ ಕೈಯಲ್ಲೇ ಇತ್ತು. ನಾನು ತೋಳು ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ, ಗೇಟಿನ ಬಳಿ ನಿಂತಿದ್ದ ಶಾಂತವ್ವನಿಗೆ ಜಾಕೆಟ್ಟನ್ನೂ ಸೀಟಿಯನ್ನೂ ಕೊಟ್ಟರು.

"ನನಗ ಓದಾಕ ಬರೂದಿಲ್ರಿ" ಎಂದು ಆಕೆ ಹಿಂಜರಿದಳು.

"ಓದು ಬಂದವನನ್ನು ನಿನ್ನೆ ನೋಡಿದೆ" ಎಂದರು ಬಾಬ್.

ಈಗ ಒಂದು ವರ್ಷವಾಯಿತು. ಸೀಟಿ ಇನ್ನೂ ಹೊಸದಾಗಿಯೇ ಇದೆ, ಆಕೆಗೆ ಅದು ಬೇಕಾಗುವುದಿಲ್ಲ. ಮಲ್ಲಪ್ಪ ವಾರಕ್ಕೊಮ್ಮೆ ಫೋನ್ ಮಾಡಿ 'ಮಾರ್ಷಲ್ ಅಕ್ಕ'ನ ಕೈಗೆ ಕೊಡು ಎನ್ನುತ್ತಾನೆ. ಈ ಸಲದ ಖಂಡೇಪೂಜೆ ಆಕೆಯದೇ. ಮೇಜಿನ ಮೇಲೆ ಇಪ್ಪತ್ತೂ ಮಾರ್ಕರ್‌ಗಳು ಗುಂಡಿಲ್ಲದೆ, ಗ್ಯಾಸಿಲ್ಲದೆ, ಗೋಡೆಯ ಕಡೆ ತಿರುಗಿ ಸಾಧುಗಳಂತೆ ಮಲಗಿದ್ದವು. ಶಾಂತವ್ವ ಹಳದಿ ಜಾಕೆಟ್ ತೊಟ್ಟು, ಒಂದು, ಎರಡು ಎಂದು ಎಣಿಸುತ್ತ ಮುಸುಕಿನ ಮೇಲೆಯೇ ಕುಂಕುಮ ಹಚ್ಚಿದಳು. ಸಾಲಿನ ಕೊನೆಯಲ್ಲಿ ನಾನು ನಿಂತಿದ್ದೆ. ಮಾಸ್ಕ್ ತೆಗೆದು ಭಕ್ತಿಯಿಂದ ಹಣೆ ಒಡ್ಡಿದೆ.

"ಹಾಕ್ಕೋರಿ" ಎಂದಳು.

ಹಾಕಿಕೊಂಡೆ. ಮಾಸ್ಕಿನ ಮೇಲೆ ಕುಂಕುಮ ಹಚ್ಚಿ, "ಇಪ್ಪತ್ತೊಂದು" ಎಂದು ಎಣಿಸಿ ಮುಂದೆ ಹೋದಳು.