ತ್ಯಾಗರಾಜನ ಟ್ರಯಲ್ ಕ್ಲಾಸು

ತ್ಯಾಗರಾಜನಿಗೆ ಹುಲಿಗಿಂತ ಕೋಬಾಲ್ ಕಂಡರೆ ಹೆಚ್ಚು ಭಯ. ಆ ೧೯೯೭ರಲ್ಲಿ ಅಮೆರಿಕದ ಫೇರ್‌ಫ್ಯಾಕ್ಸಿನ ಕನ್ನಡಿಗರ ಕಣ್ಣಿಗೆ ಕೆಲಸವಿಲ್ಲದ ಗಂಡಸು ಬಿದ್ದರೆ ಸಾಕು, ಕಲಿತರೆ ಕೆಲಸ ಖಂಡಿತ ಎಂದು ಯಾರಾದರೂ ಹಿಡಿದು ಆ ಕಂಪ್ಯೂಟರ್ ಭಾಷೆ ಕಲಿಯಲು ಕೂರಿಸುತ್ತಿದ್ದರು. ಎದುರುಮನೆಯ ಶೇಷಾದ್ರಿಯಂತೂ ಭಾನುವಾರ ತನ್ನ ಬೇಸ್‌ಮೆಂಟಿನಲ್ಲೇ ಕ್ಲಾಸು ನಡೆಸುತ್ತಿದ್ದ. ಹೋದವರು ಎರಡನೆಯ ವಾರ ಆ ಕಡೆ ತಲೆ ಹಾಕುತ್ತಿರಲಿಲ್ಲ, ಅದು ಬೇರೆ ಮಾತು.

ನಂಜನಗೂಡಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದ ತ್ಯಾಗರಾಜ ಹೆಂಡತಿ ಮಧುರಾಳ ಕೆಲಸದ ಹಿಂದೆ ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಕೊನೆಗೂ ಮೊರಿತಾ ಎಂಬ ಜಪಾನಿ ಹೆಂಗಸಿನ ಶಾಲೆಯಿಂದ ಕರೆ ಬಂತು. ಕಂಪನಿ ಕೆಲಸಕ್ಕೆ ಬಂದ ಜಪಾನಿಗಳ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು. ಮೊದಲು ಒಂದು ಟ್ರಯಲ್ ಕ್ಲಾಸು. ತಾಯಂದಿರು ಹಿಂದೆ ಕೂತು ನೋಡುತ್ತಾರೆ. ಮೆಚ್ಚಿ ಮಕ್ಕಳನ್ನು ಸೇರಿಸಿದರೆ ಮೇಷ್ಟ್ರಿಗೆ ಕೆಲಸ.

"ಇದು ಸಿಗ್ಲಿಲ್ಲ ಅಂದ್ರೆ ಶೇಷಾದ್ರಿ ಅವ್ರ ಕ್ಲಾಸಿಗೆ ಸೇರ್ಬೇಕು ರೀ, ಮಾತು ಕೊಡಿ," ಎಂದಳು ಮಧುರಾ. ಪಾಪ, ಕೊಟ್ಟ.

ಅವನಿಗೆ ಡ್ರೈವಿಂಗ್ ಬಾರದ್ದರಿಂದ ಶನಿವಾರ ಕರೆದೊಯ್ದವನೂ ಶೇಷಾದ್ರಿಯೇ. ಬಿಟ್ಟು ಹೋಗುವ ಆಸಾಮಿಯಲ್ಲ. ತಾನೂ ಶೂ ಕಳಚಿಟ್ಟು ಐವರು ತಾಯಂದಿರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ತ್ಯಾಗರಾಜ ಸೇಬಿನ ಚಿತ್ರ ಎತ್ತಿ ಹಿಡಿದ.

"ಆಪಲ್," ಎಂದ ಕೆಂಜಿ ಎಂಬ ಪೋರ.

ಭೇಷ್ ಎನ್ನುವಂತೆ ತ್ಯಾಗರಾಜ ನಗುತ್ತ ತಲೆಯನ್ನು ಆ ಕಡೆ ಈ ಕಡೆ ತೂಗಿದ, ಸಂಗೀತ ಕಛೇರಿಯ ಮುಂದಿನ ಸಾಲಲ್ಲಿ ಕೂತವರ ಹಾಗೆ. ಪೋರ ತಬ್ಬಿಬ್ಬಾದ.

"ಟೊಮ್ಯಾಟೋ?"

ಸರಿ ಹೇಳಿದವನಿಗೆ ಈಗೇನು ಬಂತು? "ಆಪಲ್, ಆಪಲ್," ಎಂದು ಧೈರ್ಯ ತುಂಬುತ್ತ ತ್ಯಾಗರಾಜ ಇನ್ನೂ ಜೋರಾಗಿ ತಲೆ ತೂಗಿದ. ಕೆಂಜಿಯ ತುಟಿ ನಡುಗಿತು. "ಬಾಲ್?" ಎಂದವನೇ ಅಳುವುದಕ್ಕೆ ಶುರುಮಾಡಿದ. ತಾಯಂದಿರು ಮುಖ ಮುಖ ನೋಡಿಕೊಂಡರು.

"ತಲೆ ಆಡಿಸ್ಬೇಡಿ ತ್ಯಾಗರಾಜ್," ಹಿಂದಿನಿಂದ ಶೇಷಾದ್ರಿ ಕನ್ನಡದಲ್ಲಿ ಕೂಗಿದ. "ಹಾಗ್ ಮಾಡಿದ್ರೆ ಅವ್ರಿಗೆ ತಪ್ಪು ಅಂತ ಅರ್ಥ."

"ಹೌದಾ? ಸರಿ, ಸರಿ," ಎಂದು ತ್ಯಾಗರಾಜ ಒಪ್ಪಿಕೊಂಡ, ತಲೆಯಾಡಿಸಿಯೇ.

ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಅವನು ಎರಡೂ ಕೈಯಿಂದ ಕತ್ತು ಹಿಡಿದುಕೊಂಡ. ಮುಂದಿನ ಸರಿ ಉತ್ತರಕ್ಕೆ ಕೈಗಳ ಸಮೇತ ತಲೆ ತೂಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಕೆಂಜಿಯೂ ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ಒಂದು ಗಂಟೆ ಆಪಲ್ಲು, ಬಾಲು, ಬೆಕ್ಕು, ಎಲ್ಲಕ್ಕೂ ಇಡೀ ಕ್ಲಾಸು ತಲೆ ತೂಗಿತು.

ಹೊರಡುವಾಗ ತಾಯಂದಿರು ನಡು ಬಗ್ಗಿಸಿ ವಂದಿಸಿ, "ಯೋಚಿಸಿ ತಿಳಿಸುತ್ತೇವೆ," ಎಂದರು. ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಹೋಗುವವರು ಇದೇ ಮಾತು ಹೇಳಿದರೆ ಏನರ್ಥವೆಂದು ತ್ಯಾಗರಾಜನಿಗೆ ಗೊತ್ತಿಲ್ಲವೇ? ಕಾರಿನಲ್ಲಿ ಸಪ್ಪೆ ಮುಖ ಮಾಡಿ ಕೂತ. ಶೇಷಾದ್ರಿ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದ.

ಸಂಜೆ ಮೊರಿತಾ ಫೋನ್ ಮಾಡಿದರು. ಐದು ಮಕ್ಕಳೂ ಸೇರಿದ್ದರು. ಕೆಂಜಿ ಮನೆಯಲ್ಲೂ ಆಪಲ್ ಆಪಲ್ ಎಂದು ತಲೆ ತೂಗುತ್ತಿದ್ದಾನಂತೆ.

ತ್ಯಾಗರಾಜನ ಎದೆಯಿಂದ ಬೀಸುವ ಕಲ್ಲು ಇಳಿಸಿದಂತಾಯಿತು. ಕೋಬಾಲಿನ ಕಾಟ ತಪ್ಪಿತು. ಮಧುರಾ ಕೇಸರಿಬಾತ್ ಮಾಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ತುಪ್ಪದ ರುಚಿ ಹತ್ತಿತು.

ಅಷ್ಟರಲ್ಲಿ ಬಂದ ಶೇಷಾದ್ರಿಯ ಕಂಕುಳಲ್ಲಿ ಇಟ್ಟಿಗೆಯಂಥ ಪುಸ್ತಕವಿತ್ತು.

"ಕಂಗ್ರಾಜುಲೇಷನ್ಸ್. ಅಳ್ತಿದ್ದ ಮಗೂನೂ ಒಂದು ಗಂಟೆ ಕೂರಿಸ್ಬಿಟ್ರಲ್ಲ ನೀವು. ನನ್ನ ಸ್ಟೂಡೆಂಟ್ಸ್ ಹತ್ತು ನಿಮಿಷ ಕೂರಲ್ಲ. ಮುಂದಿನ ಭಾನುವಾರದಿಂದ ಕೋಬಾಲ್ ಕ್ಲಾಸ್ ನೀವೇ ತಗೊಳ್ಳಿ."

"ನನಗೆ ಕೋಬಾಲ್ ಬರಲ್ಲ, ಸ್ವಾಮಿ."

"ಅದಕ್ಕೇನಂತೆ, ದಿನಾ ಸಾಯಂಕಾಲ ನಾನು ನಿಮಗೆ ಹೇಳ್ಕೊಡ್ತೀನಿ, ಭಾನುವಾರ ನೀವು ಅವ್ರಿಗೆ ಹೇಳ್ಕೊಡಿ."

ಅಷ್ಟರಲ್ಲಿ ಇನ್ನೊಂದು ತುತ್ತು ಹಾಕಿಕೊಂಡಿದ್ದರಿಂದ ಬಾಯಿ ತುಂಬ ಕೇಸರಿಬಾತ್. ಬೆಳಿಗ್ಗೆಯಷ್ಟೇ ಕಲಿತ ಪಾಠ ನೆನೆದು ತ್ಯಾಗರಾಜ ಜಪಾನಿಗಳಂತೆ, ಅಮೆರಿಕನ್ನರಂತೆ, ಇಲ್ಲ ಇಲ್ಲವೆಂದು ಜೋರಾಗಿ ತಲೆಯಾಡಿಸಿದ.

ಶೇಷಾದ್ರಿ ಮಧುರಾಳತ್ತ ತಿರುಗಿದ. "ನೋಡಿ, ಎಷ್ಟು ಖುಷಿಯಿಂದ ಒಪ್ಕೊಂಡ್ರು," ಎಂದು ಪುಸ್ತಕವನ್ನು ತಟ್ಟೆಯ ಪಕ್ಕದಲ್ಲಿಟ್ಟ.